ಯಾರ ರೊಕ್ಕ, ಯಾರಿಗೆ ಲೆಕ್ಕ

ಇಲ್ಲಿ ಮಾತಾಡುವವರು ಇಬ್ಬರು. ಸರ್ಕಾರದ ಲೆಕ್ಕ ಪರಿಶೋಧನೆಯಲ್ಲಿ ಜೀವಮಾನ ಕಳೆದು ಧಾರವಾಡದಲ್ಲಿ ನೆಲೆಸಿರುವ ಹಿರಿಯರೊಬ್ಬರು. ಅವರ ಗೆಳೆಯನ ಮಗಳು, ನವಲಗುಂದ ಕಡೆಯ ಹಳ್ಳಿಯಿಂದ ದಿನಾ ಹುಬ್ಬಳ್ಳಿಗೆ ಬರುವ ಶಿಕ್ಷಕಿ. ಹೆಸರುಗಳ ಅಗತ್ಯವಿಲ್ಲ. ಮಾತು ಅವರದೇ ನುಡಿಯಲ್ಲಿರಲಿ.

ಶಿಕ್ಷಕಿ: ಕಾಕಾ, ನೀವು ಸರ್ಕಾರದ ಗ್ಯಾರಂಟಿ ಯೋಜನಾಕ್ಕ ವಿರೋಧ ಅಂತ ಕೇಳಿದೆ. ನಾ ದಿನಾ ಸೊನ್ನೆ ಟಿಕೆಟ್ ಹರಿಸ್ಕೊಂಡು ಬಸ್ಸಿಗೆ ಬರಾಕಿ. ನನ್ನ ಮುಂದ ಹೇಳ್ರಿ ನೋಡೂಣು.

ಹಿರಿಯರು: ಲೆಕ್ಕ ಕೇಳಿದವನ ವಿರೋಧಿ ಅನ್ನೂದಾದ್ರ ನನ್ನ ನೌಕರಿ ಪೂರ್ತಿ ವಿರೋಧದಾಗ ಹೋತು ಅನ್ನಬೇಕು. ನಿನ್ನ ಟಿಕೆಟ್ಟಿನ ಮ್ಯಾಲ ನನಗ ಕಣ್ಣಿಲ್ಲವಾ. ಆ ಟಿಕೆಟ್ಟಿನ ರೊಕ್ಕ ಎಲ್ಲಿಂದ ಬರ್ತೈತಿ, ಯಾವಾಗ ಬರ್ತೈತಿ, ಬರದಿದ್ರ ಆ ಹೊರಿ ಯಾರ ಮ್ಯಾಲ ಬೀಳ್ತೈತಿ, ಇಷ್ಟ ನಾ ಕೇಳೂದು.

ಶಿಕ್ಷಕಿ: ಸರ್ಕಾರ ಕೊಡ್ತೈತಿ.

ಹಿರಿಯರು: ಸರ್ಕಾರ ಕೊಡೂದು ಎರಡ ಕಡಿಂದ. ಇವತ್ತ ತೆರಿಗಿ ಕಟ್ಟಾವ್ರ ಕಡಿಂದ, ಇಲ್ಲಾ ನಾಳೆ ತೆರಿಗಿ ಕಟ್ಟಾವ್ರ ಹೆಸರಿಲೆ ಸಾಲ ತಂದು. ಈ ಎರಡನೇದಕ್ಕ ಒಂದು ಬೇಲಿ ಬೇಕು ಅಂತ 2002ರಾಗ ಎಸ್.ಎಂ. ಕೃಷ್ಣ ಅವರ ಸರ್ಕಾರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡ್ತು. ಅಂಥಾ ಕಾಯ್ದೆ ಮಾಡಿದ ಮೊದಲನೇ ರಾಜ್ಯ ನಮ್ದು. ದಿಲ್ಲಿಯವರು ತಮ್ಮದನ್ನ ಮಾಡಿದ್ದು ಮುಂದಿನ ವರ್ಷ. ಮೂರು ಗೆರಿ ಹಾಕ್ಕೊಂಡ್ರು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು. ಒಟ್ಟು ಹೊಣೆಗಾರಿಕೆ ಶೇ 25 ದಾಟಬಾರದು. ರಾಜಸ್ವ ಕೊರತೆ ಇರಬಾರದು.

ಶಿಕ್ಷಕಿ: ಈಗ ದಾಟೈತೇನು?

ಹಿರಿಯರು: 2025-26ರ ಬಜೆಟ್ ತಗಿ. ಗಾತ್ರ 4,09,549 ಕೋಟಿ. ವಿತ್ತೀಯ ಕೊರತೆ ಶೇ 2.95. ಹೊಣೆಗಾರಿಕೆ ಶೇ 24.91. ಎರಡೂ ಗೆರಿ ಮುಟ್ಟೂವಂಗ ನಿಂತಾವ, ದಾಟಿಲ್ಲ. ಮೂರನೇದು ದಾಟೈತಿ. ರಾಜಸ್ವ ಕೊರತೆ 19,262 ಕೋಟಿ.

ಶಿಕ್ಷಕಿ: ಮೂರರಾಗ ಎರಡು ಪಾಸಾದ್ರ ನಮ್ಮ ಸಾಲ್ಯಾಗ ಹುಡುಗನ್ನ ಬೈಯೂದಿಲ್ಲ.

ಹಿರಿಯರು: ನನಗ ಮೂರನೇದ ದೊಡ್ಡದು. ಹಾಸಿಗಿ ಇದ್ದಷ್ಟು ಕಾಲು ಚಾಚು ಅನ್ನೂ ಗಾದಿ ಮನಿತನಕ್ಕ ಸರಿ, ಸರ್ಕಾರಕ್ಕ ಪೂರ್ತಿ ಹೊಂದೂದಿಲ್ಲ. ಅಣೆಕಟ್ಟು ಕಟ್ಟಾಕ, ಆಸ್ಪತ್ರಿ ಕಟ್ಟಾಕ ಸಾಲ ಮಾಡ್ಲಿ. ನಿನ್ನ ಸಾಲಿ ಹುಡುಗ್ರು ದೊಡ್ಡವರಾಗಿ ಅವನ್ನ ಬಳಸ್ತಾರ, ಅವರ ತೀರಸ್ತಾರ. ರಾಜಸ್ವ ಕೊರತೆ ಅಂದ್ರ ಹಂಗಲ್ಲ. ಈ ತಿಂಗಳ ಪಗಾರ, ಪಿಂಚಣಿ, ಬಡ್ಡಿ, ಸಬ್ಸಿಡಿ ಕೊಡಾಕ ಸಾಲ ಎತ್ತೂದು. ಆ ಹುಡುಗ್ರಿಗೆ ಕಟ್ಟಡ ಉಳಿಯಂಗಿಲ್ಲ, ಕಂತು ಉಳೀತೈತಿ. 2004-05ರಿಂದ ವರ್ಷಗಟ್ಟಲೆ ಈ ರಾಜ್ಯ ರಾಜಸ್ವ ಹೆಚ್ಚುವರಿ ಇಟ್ಕೊಂಡು ಬಂದಿತ್ತು. ಕಾಂಗ್ರೆಸ್ಸು, ಜನತಾದಳ, ಬಿಜೆಪಿ, ಯಾರ ಬಂದ್ರೂ ಆ ಗೆರಿಗೆ ಮರ್ಯಾದಿ ಕೊಟ್ಟಿದ್ರು. ಕೋವಿಡ್‌ದಾಗ ಮುರೀತು, ಅದಕ್ಕ ಯಾರನ್ನೂ ಬೈಯಾಕ ಬರೂದಿಲ್ಲ. 2023ರ ಫೆಬ್ರುವರಿಯಾಗ ಬೊಮ್ಮಾಯಿ ಅವರು 402 ಕೋಟಿ ಹೆಚ್ಚುವರಿ ತೋರಿಸಿದ್ರು. ಅದ ಜುಲೈದಾಗ ಹೊಸ ಸರ್ಕಾರ 12,523 ಕೋಟಿ ಕೊರತೆ ಬರೀತು. ರೋಗ ಹೋಗಿತ್ತು, ಕೊರತೆ ತಿರುಗಿ ಬಂತು.

ಶಿಕ್ಷಕಿ: ಅದರ ಹಿಂದ ಒಂದು ಕಾರಣ ಐತ್ರಿ. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗ್ಯಾಗ ನಮ್ಮ ಪಾಲು ಶೇ 4.713ರಿಂದ ಶೇ 3.647ಕ್ಕ ಇಳಿಸ್ತು. ಜಿಎಸ್‌ಟಿ ನಾವು ಕಟ್ಟೂದು, ಹಂಚಿಕಿ ದಿಲ್ಲಿಯವರದು. 2024ರ ಫೆಬ್ರುವರಿಯಾಗ ಮುಖ್ಯಮಂತ್ರಿನ ಜಂತರ್ ಮಂತರ್‌ಗೆ ಹೋಗಿ ಕೂತ್ರು.

ಹಿರಿಯರು: ಆ ಸಿಟ್ಟು ಖರೇನ ಐತಿ. ಸರ್ಕಾರ ಮಿತಿಯೊಳಗ ಇರಬೇಕು ಅನ್ನಾವ ಮೊದಲ ಎತ್ತಬೇಕಾದ ಮಾತ ಅದು: ರೊಕ್ಕ ದುಡದ ಜಾಗದಿಂದ ದೂರ ಹೋದಷ್ಟೂ ಅದರ ಲೆಕ್ಕ ಕೇಳೂ ಧ್ವನಿ ಸಣ್ಣದಾಗ್ತೈತಿ. ಆದ್ರ ಬೆಂಗಳೂರು ದಿಲ್ಲಿಗೆ ಕೇಳೂ ಪ್ರಶ್ನೆನ ಹುಬ್ಬಳ್ಳಿ ಬೆಂಗಳೂರಿಗೆ ಕೇಳಬೇಕಲ್ಲ? ನಮ್ಮ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಅವಧಿ ಮುಗಿದದ್ದು 2019ರ ಮಾರ್ಚಿನ್ಯಾಗ. ಚುನಾವಣಿ ಆದದ್ದು 2021ರ ಸೆಪ್ಟೆಂಬರ್ 3ಕ್ಕ. ಮೇಯರ್ ಕುರ್ಚಿ ತುಂಬಿದ್ದು 2022ರ ಮೇ ತಿಂಗಳಾಗ. ಮೂರು ವರ್ಷದ ಮ್ಯಾಲ ಅವಳಿ ನಗರದ ಬಜೆಟ್ಟಿಗೆ ಆರಿಸಿ ಬಂದವ ಒಬ್ಬಾಂವನೂ ಕೈ ಎತ್ತಲಿಲ್ಲ. ಅಷ್ಟರಾಗ ಎರಡು ಸರ್ಕಾರ ಬದಲಾಗಿದ್ವು, ಯಾರಿಗೂ ಅವಸರ ಇರಲಿಲ್ಲ. ಜಿಲ್ಲಾ ಪಂಚಾಯ್ತಿ, ತಾಲೂಕ ಪಂಚಾಯ್ತಿ ಅವಧಿ 2021ರಾಗ ಮುಗದಾವ. ಆಮ್ಯಾಲ ವರ್ಷಗಟ್ಟಲೆ ಚುನಾವಣಿನ ಇಲ್ಲ. 1983ರಾಗ ರಾಮಕೃಷ್ಣ ಹೆಗಡೆ, ನಜೀರ್ ಸಾಬರು ಕೂಡಿ ಹಳ್ಳಿಗೆ ಅಧಿಕಾರ ಕೊಟ್ಟ ನಾಡು ಇದು.

ಶಿಕ್ಷಕಿ: ಬಸ್ಸಿನ ಮಾತು ಅರ್ಧಕ್ಕ ಬಿಟ್ರಿ.

ಹಿರಿಯರು: ಬಿಟ್ಟಿಲ್ಲ. 2023ರ ಜೂನ್ 11ಕ್ಕ ಹೆಣ್ಣಮಕ್ಕಳಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನಾ ಶುರುವಾತು. ಒಂದೊಂದು ಸೊನ್ನೆ ಟಿಕೆಟ್ಟಿಗೂ ದರ ಐತಿ, ಯಂತ್ರದಾಗ ದಾಖಲಾಗ್ತೈತಿ, ಸರ್ಕಾರ ಅದನ್ನ ನಿಗಮಕ್ಕ ತುಂಬಿ ಕೊಡಬೇಕು. ವ್ಯವಸ್ಥಾ ಕಾಗದದ ಮ್ಯಾಲ ಚಲೋ ಐತಿ. ಮುಂದ ಏನಾತು? 2025ರ ಜನವರಿಯಾಗ ಬಸ್ ದರ ಶೇ 15 ಏರಿಸಿದ್ರು. ಅದ ಹೊತ್ತಿಗೆ ನಾಲ್ಕು ಸಾರಿಗೆ ನಿಗಮಗಳು ಡೀಸೆಲ್ ಬಾಕಿ, ಭವಿಷ್ಯ ನಿಧಿ ಬಾಕಿ ತೀರಿಸಾಕ 2,000 ಕೋಟಿ ಸಾಲ ಎತ್ತಾಕ ಸರ್ಕಾರ ಒಪ್ಪಿಗಿ ಕೊಡ್ತು. ಅವುಗಳಾಗ ನಮ್ಮ ಗೋಕುಲ ರೋಡಿನ ವಾಯವ್ಯ ಸಾರಿಗೆನೂ ಒಂದು. ಬಜೆಟ್ ಪುಸ್ತಕದಾಗ ಶಕ್ತಿಗೆ ಇಷ್ಟು ಕೋಟಿ ಅಂತ ಕಾಣ್ತೈತಿ. ಕಂಡಕ್ಟರನ ಪಿ.ಎಫ್. ಬಾಕಿ ಆ ಸಾಲಿನಾಗ ಕಾಣೂದಿಲ್ಲ. ನಿಗಮದ ಹೆಸರಿನ ಸಾಲ ಸರ್ಕಾರದ ಕೊರತೆದಾಗ ಕಾಣೂದಿಲ್ಲ. ಯೋಜನಾ ಬ್ಯಾಡ ಅನ್ನಾವ ಬ್ಯಾರೆ, ಯೋಜನಾದ ಪೂರ್ತಿ ಖರ್ಚು ಒಂದ ಹಾಳಿಮ್ಯಾಲ ಬರೀರಿ ಅನ್ನಾವ ಬ್ಯಾರೆ.

ಶಿಕ್ಷಕಿ: ನಮ್ಮೂರಾಗ ಹತ್ತನೇತ್ತ ಮುಗಿಸಿ ಮನ್ಯಾಗ ಕೂಡ್ತಿದ್ದ ಹುಡುಗ್ಯಾರು ಈಗ ಪಿಯುಸಿಗೆ ನವಲಗುಂದಕ್ಕ ಹೊಂಟಾರ. ಹೆಣ್ಣಾಳು ಕೂಲಿ ಎಲ್ಲಿ ಹೆಚ್ಚೈತಿ ಅಲ್ಲಿಗೆ ಹೋಗ್ತಾರ. ಅಪ್ಪನ್ನ, ಗಂಡನ್ನ ಕೇಳಿ ಹತ್ತು ರೂಪಾಯಿ ಇಸ್ಕೊಳ್ಳೂ ಹಂಗ ತಪ್ಪೈತಿ. ಆ ಲಾಭ ಯಾವ ಹಾಳಿಮ್ಯಾಲ ಬರೀತೀರಿ?

ಹಿರಿಯರು: ಬರೀಬೇಕು. ಸರ್ಕಾರನ ಅಳದು ಬರೀಬೇಕಾಗಿತ್ತು, ನೀ ಹೇಳೂದು ದಾಖಲೆ ಆಗಿರಬೇಕಿತ್ತು. ಎಷ್ಟು ಹುಡುಗ್ಯಾರು ಪಿಯುಸಿ ಸೇರಿದ್ರು, ಯಾವ ತಾಲೂಕಿನಾಗ, ಮೊದಲ ಎಷ್ಟಿತ್ತು. ಹಂಗ ಬರದ್ರ ಶಕ್ತಿ ಉಳೀತೈತಿ. ಮುಂದಿನ ಸರ್ಕಾರಕ್ಕ ಅದನ್ನ ಕಿತ್ತಾಕ ಧೈರ್ಯ ಬರೂದಿಲ್ಲ. ಎಷ್ಟು ಕೋಟಿ ಸೊನ್ನೆ ಟಿಕೆಟ್ ಹರದ್ರು ಅಂತ ಸಂಭ್ರಮ ಮಾಡ್ತಾರ. ಟಿಕೆಟ್ ಹರದದ್ದು ಖರ್ಚು. ಫಲ ಅದರ ಆಚೆ ಐತಿ.

ಮನಿಗೆ ಪುಕ್ಕಟೆ ಕರೆಂಟ್ ಕೊಡೂ ಗೃಹಜ್ಯೋತಿ ನೋಡು, ಅದನ್ನ ನಾ ಹೊಗಳ್ತೀನಿ. 2022-23ರಾಗ ನೀ ಸರಾಸರಿ ಎಷ್ಟು ಸುಟ್ಟಿದ್ದಿ, ಅದರ ಮ್ಯಾಲ ಶೇ 10 ಕೂಡ್ಸಿ, 200 ಯುನಿಟ್ ಒಳಗ. ಮೀಟರ್ ತಿರುಗ್ತೈತಿ, ಬಿಲ್ಲು ಬರ್ತೈತಿ, ಎಷ್ಟು ಯುನಿಟ್ಟಿನ ರೊಕ್ಕ ಸರ್ಕಾರ ಹೆಸ್ಕಾಂಗೆ ಕೊಡಬೇಕು ಅಂತ ಗೊತ್ತಾಗ್ತೈತಿ. ದುಂದು ಮಾಡಿದ್ರ ನಿನ್ನ ಕಿಸೆಗೆ ಬೀಳ್ತೈತಿ. ಇದನ್ನ ಬರದ ಅಧಿಕಾರಿ ಯಾರೋ ಗೊತ್ತಿಲ್ಲ, ಲೆಕ್ಕ ಬಲ್ಲವ. ಇದರ ಬಾಜೂ ರೈತರ ಪಂಪ್‌ಸೆಟ್ ಇಡು. 10 ಅಶ್ವಶಕ್ತಿತನಕ ಕರೆಂಟ್ ಪುಕ್ಕಟೆ, ಬಹುತೇಕ ಕಡೆ ಮೀಟರ್ ಇಲ್ಲ. ಎಷ್ಟು ಸುಟ್ಟಿತು ಅನ್ನೂದು ಅಂದಾಜು. ಆ ಅಂದಾಜಿನ ಕೆಳಗ ಕಳವು, ಸೋರಿಕಿ, ಹಳೇ ವೈರಿನ ನಷ್ಟ ಎಲ್ಲಾ ಮುಚ್ಚಿಹೋಗ್ತಾವ. ರೈತನ ಹೆಸರು ಹೇಳಿ ಯಾರೋ ತಿಂದ್ರೂ ಗೊತ್ತಾಗೂದಿಲ್ಲ. ಉಚಿತ ಕೊಡ್ರಿ, ಮೀಟರ್ ಇಟ್ಟು ಕೊಡ್ರಿ.

ಶಿಕ್ಷಕಿ: ಮೀಟರ್ ಇಟ್ರ ನಾಳೆ ಬಿಲ್ಲು ಬರ್ತೈತಿ ಅಂತ ನಮ್ಮಪ್ಪ ಹೆದರ್ತಾನ. ಅಂವಗ ಹೆದರಾಕ ಕಾರಣ ಐತಿ. 1980 ನೋಡಿದಾಂವ.

ಹಿರಿಯರು: ಅದ ಬಂತು ನೋಡು. ಆ ವರ್ಷ ನಾ ನೌಕರಿಗೆ ಹೊಸಬ. ಮಲಪ್ರಭಾ ಕಾಲುವಿ ಬಂದು ನಿಮ್ಮ ಜಮೀನಿನ ಬೆಲಿ ಏರೈತಿ, ಅದರಾಗ ಸರ್ಕಾರಕ್ಕ ಪಾಲು ಕೊಡ್ರಿ ಅಂತ ಬೆಟರ್‌ಮೆಂಟ್ ಲೆವಿ ಹಾಕಿದ್ರು. ಅದರ ಮ್ಯಾಲ ನೀರಿನ ಕರ. ತರ್ಕ ತಪ್ಪಿರಲಿಲ್ಲ, ಜನರ ರೊಕ್ಕದಿಂದ ಒಬ್ಬನ ಹೊಲದ ಬೆಲಿ ಏರಿದ್ರ ಅಂವ ಸ್ವಲ್ಪ ತಿರುಗಿ ಕೊಡಬೇಕು. ಆದ್ರ ಕಾಲುವಿ ಕೊನೀ ಹೊಲಕ್ಕ ನೀರ ಮುಟ್ಟಿರಲಿಲ್ಲ. ಮುಟ್ಟಿದ ಕಡೆ ಎರಿ ಭೂಮಿಯಾಗ ನೀರು ನಿಂತು ಸವಳು-ಜವಳು ಹಿಡದಿತ್ತು. ಹತ್ತಿ ಬೆಲಿ ಬಿದ್ದಿತ್ತು. ನೋಟಿಸು ಮಾತ್ರ ಎಲ್ಲಾರ ಮನಿಗೂ ಮುಟ್ಟಿತ್ತು. ನೀರು ಬಂದೈತೋ ಇಲ್ಲೋ ಅಂತ ಹೊಲಕ್ಕ ಹೋಗಿ ನೋಡೂ ಕೆಲಸ ಆ ನೋಟಿಸಿನ ಹಿಂದ ಇರಲಿಲ್ಲ.

ಶಿಕ್ಷಕಿ: ಜುಲೈ 21. ನಮ್ಮಪ್ಪ ನವಲಗುಂದದ ತಹಶೀಲ್ದಾರ ಕಚೇರಿ ಮುಂದಿನ ಗದ್ದಲದಾಗ ಇದ್ದ. ನಾ ಸಣ್ಣಾಕಿದ್ದಾಗ ಎಷ್ಟೋ ಸಲ ಹೇಳ್ಯಾನ. ನವಲಗುಂದದಾಗೂ ಗುಂಡು, ನರಗುಂದದಾಗೂ ಗುಂಡು.

ಹಿರಿಯರು: ರೈತರೂ ಸತ್ರು, ಪೊಲೀಸರೂ ಸತ್ರು. ಆ ಸಿಟ್ಟಿನಾಗಿಂದ ರಾಜ್ಯ ರೈತ ಸಂಘ ಎದ್ದು ನಿಂತಿತು. 1983ರಾಗ ಗುಂಡೂರಾಯರ ಸರ್ಕಾರ ಹೋಗಿ ಕರ್ನಾಟಕದಾಗ ಮೊದಲನೇ ಸಲ ಕಾಂಗ್ರೆಸ್ಸಲ್ಲದವರು ಬಂದ್ರು. ಆ ಚಳವಳಿನ ಸಮಾಜವಾದಿಗಳ ಲೆಕ್ಕದಾಗ ಬರೀತಾರ. ನನ್ನ ಕಣ್ಣಿಗೆ ಕಾಣೂದು ಬ್ಯಾರೆ. ಸರ್ಕಾರದ ಕೈ ತನ್ನ ಕಿಸೆಗೆ ಬಂದಾಗ, ಮೊದಲ ನೀ ಕೊಟ್ಟದ್ದು ತೋರಿಸು ಅಂತ ರೈತ ಅದನ್ನ ಹಿಡದು ನಿಲ್ಲಿಸಿದ. ಮಿತ ಸರ್ಕಾರ ಬೇಕನ್ನಾವ್ರು ಇಂಗ್ಲಂಡು, ಅಮೆರಿಕಾದ ಪುಸ್ತಕ ತಗದು ಓದ್ತಾರ. ನಮ್ಮ ಜಿಲ್ಲಾದಾಗ ಆ ಪಾಠ ರಕ್ತದಾಗ ಬರದೈತಿ.

ಶಿಕ್ಷಕಿ: ನೀವು ಅರ್ಧ ಹೇಳಿದ್ರಿ. ಅದ ರೈತರು ಬೆಂಬಲ ಬೆಲೆ ಕೇಳಿದ್ರು, ಸಾಲ ಮನ್ನಾ ಕೇಳಿದ್ರು. ಸರ್ಕಾರ ಕಡಿಮಿ ಆಗ್ಲಿ ಅಂತ ಅವರು ಎಂದೂ ಅನ್ನಲಿಲ್ಲ.

ಹಿರಿಯರು: ಅದೂ ಕೇಳಿದ್ರು, ಇಲ್ಲ ಅನ್ನೂದಿಲ್ಲ. ಕೇಳೂ ಅಧಿಕಾರ ಅವರಿಗೆ ಎಲ್ಲಿಂದ ಬಂತು ಅನ್ನೂದು ನೋಡು. ಕೊಡದ ನೀರಿಗೆ ಕರ ಹಾಕಿದ ಸರ್ಕಾರದ ಮ್ಯಾಲ ವಿಶ್ವಾಸ ಹೋಗಿತ್ತು. ಅದು ಹೋದ್ರ ಮಂದಿ ಕೈಗೆ ಸಿಕ್ಕಷ್ಟು ರೊಕ್ಕದಾಗ ಕೇಳ್ತಾರ. ನಿಮ್ಮಪ್ಪ ಮೀಟರಿಗೆ ಹೆದರೂದು ಅದಕ್ಕ.

ಶಿಕ್ಷಕಿ: ಹಂಗಾರ ಈ ಮಿತ ಸರ್ಕಾರದ ಮಾತಾಡೂ ಪಕ್ಷ ನಮಗೇನು ಮಾಡೈತಿ? ಈ ಕಡೆಯವರು 1996ರಿಂದ ಲೋಕಸಭೆಗೆ ಬಿಜೆಪಿನ ಕಳಸ್ಯಾರ. ರಾಜ್ಯದಾಗ ಆ ಪಕ್ಷದ ಸರ್ಕಾರ ಇದ್ದಾಗನ, 2021ರಾಗ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರದು ಶೇ 40 ಕಮಿಷನ್ ಕೇಳ್ತಾರ ಅಂತ ದೂರು ಕೊಡ್ತು.

ಹಿರಿಯರು: ಆ ಪತ್ರ ಓದಿ ನನಗ ನಾಚಿಕಿ ಆತು, ಯಾಕಂದ್ರ ನಾ ನಂಬಿದ ವಿಚಾರದ ಹೆಸರ ಹೇಳಾವ್ರ ರಾಜ್ಯಭಾರ ಅದು. ಈ ವಿಚಾರಾನ ಪೂರ್ತಿ ಹೊತ್ಕೊಂಡ ಪಕ್ಷ ಈ ದೇಶದಾಗ ಒಂದ ಇತ್ತು. 1959ರಾಗ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷ. ಪರ್ಮಿಟ್-ಲೈಸೆನ್ಸ್ ರಾಜ್ಯ ಅಂತ ಕಾಂಗ್ರೆಸ್ಸನ್ನ ಜರದವರು ಅವರು. 1967ರಾಗ ನಮ್ಮ ಮೈಸೂರು ರಾಜ್ಯದ ವಿಧಾನಸಭೆದಾಗ ಅದಕ್ಕ 16 ಸ್ಥಾನ ಇದ್ವು. ಒಂದು ದಶಕದೊಳಗ ಮುಳುಗಿಹೋತು. ಆಮ್ಯಾಲ ಬಂದವರು ವಿರೋಧದಾಗ ಇದ್ದಾಗ ಮಿತವ್ಯಯ, ಕುರ್ಚಿ ಸಿಕ್ಕಾಗ ನಿಗಮ-ಮಂಡಳಿ. ಲೋಕಾಯುಕ್ತದ ಕಥಿನೂ ಹಂಗ. 2016ರಾಗ ಕಾಂಗ್ರೆಸ್ ಸರ್ಕಾರ ಲೋಕಾಯುಕ್ತದ ಪೊಲೀಸ್ ಅಧಿಕಾರ ಕಿತ್ತು ಎಸಿಬಿ ಮಾಡ್ತು. ಬಿಜೆಪಿ ಬಂದು ಎಸಿಬಿ ತಗೀತೀನಿ ಅಂದು ತಗೀಲಿಲ್ಲ. 2022ರ ಆಗಸ್ಟಿನ್ಯಾಗ ಹೈಕೋರ್ಟ ರದ್ದು ಮಾಡಬೇಕಾತು. ಹಂಗಾಗಿ ನಾ ಪಕ್ಷದ ಬಾಗಿಲಿಗೆ ಹೋಗೂದು ಬಿಟ್ಟೀನಿ. ಕಾಗದ ಕೇಳ್ತೀನಿ.

ಶಿಕ್ಷಕಿ: ಕಾಯ್ದೆ-ಕಟ್ಟಳಿ ಕಡಿಮಿ ಮಾಡ್ರಿ ಅಂತೀರಲ್ಲ, ಅದರ ಬಗ್ಗೆ ನನಗ ಜಗಳ ಐತಿ. 2020ರಾಗ ಎಪಿಎಂಸಿ ಕಾಯ್ದೆ ತಿದ್ದಿದ್ರು, ಪ್ರಾಂಗಣದ ಹೊರಗ ಯಾರ ಬೇಕಾದ್ರೂ ಕೊಳ್ಳಬಹುದು ಅಂದ್ರು. ನಮ್ಮೂರಾಗ ಹೆಸರು, ಕಡ್ಲಿ ಹೊಲದಾಗನ ತೂಕ ಮಾಡಿ ಒಯ್ದ ವ್ಯಾಪಾರಿ ರೊಕ್ಕ ನಾಳೆ ಅಂದ. ಆ ನಾಳೆ ಬರಾಕ ಹಬ್ಬ ದಾಟಿತು. ಅಮರಗೋಳದ ಎಪಿಎಂಸಿ ಆಗಿದ್ರ ದಲಾಲರ ಲೈಸೆನ್ಸ್ ಇರ್ತಿತ್ತು, ಸಮಿತಿ ಇರ್ತಿತ್ತು, ಕೇಳಾಕ ಒಂದು ಬಾಗಿಲು ಇರ್ತಿತ್ತು.

ಹಿರಿಯರು: ಅಮರಗೋಳದ ಕಟ್ಟಳಿ ಯಾಕ ಬಂತು ಅಂತ ನೆನಿಸು. ಅರವಿ ಕೆಳಗ ಕೈ ಇಟ್ಟು ಬೆರಳು ಮುಟ್ಟಿ ದರ ಗೊತ್ತು ಮಾಡ್ತಿದ್ರು. ಮಾಲು ತಂದ ರೈತಗ ತನ್ನ ಹತ್ತಿಗೆ ಎಷ್ಟು ಕೂಗಿದ್ರು ಅನ್ನೂದ ತಿಳೀತಿರಲಿಲ್ಲ. ತೂಕದಾಗ ಮೋಸ, ಸೂಟಿನಾಗ ಮೋಸ. ನಾವು ಮುಂಬೈ ಪ್ರಾಂತದಾಗ ಇದ್ದಾಗ 1939ರ ಕಾಯ್ದೆ ಬಂತು, ಕರ್ನಾಟಕದ್ದು 1966ರಾಗ. ಬಹಿರಂಗ ಸವಾಲು, ಪರೀಕ್ಷಿಸಿದ ತಕ್ಕಡಿ, ರೊಕ್ಕ ಕೊಡೂ ಜವಾಬ್ದಾರಿ. ಈ ಮೂರನ್ನ ತಗೀರಿ ಅಂತ ನಾ ಯಾವತ್ತೂ ಅನ್ನೂದಿಲ್ಲ. ತಕ್ಕಡಿ ಕಾಯೂದು ಸರ್ಕಾರದ ಮೂಲ ಕೆಲಸ. ಆದ್ರ ಕಾಯ್ದೆ ಅಲ್ಲಿಗೆ ನಿಲ್ಲಲಿಲ್ಲ. ಇಲ್ಲೇ ಮಾರಬೇಕು, ಇಂಥಾವರಿಗೇ ಮಾರಬೇಕು ಅಂತ ಆತು. ಲೈಸೆನ್ಸ್ ಇದ್ದಾವ್ರು ನಾಕು ಮಂದಿ ಕೂಡಿದ್ರ ಪ್ರಾಂಗಣದ ಒಳಗನ ದರ ಕಟ್ಟಿಹಾಕಬಹುದು. 2014ರಾಗ ಆನ್‌ಲೈನ್ ಟೆಂಡರ್ ತಂದು ಏಕೀಕೃತ ಮಾರುಕಟ್ಟೆ ಅಂತ ಮಾಡಿದಾಗ ನನಗ ಖುಷಿ ಆಗಿತ್ತು. ಬ್ಯಾರೆ ಊರಿನ ವ್ಯಾಪಾರಿ ಅಲ್ಲೇ ಕೂತು ಬಾವು ಹಾಕ್ತಾನ. ಕೇಂದ್ರದವರು ಇ-ನ್ಯಾಮ್ ಮಾಡುವಾಗ ನಮ್ಮದನ್ನ ನೋಡಿ ಕಲ್ತ್ರು.

2020ರಾಗ ಮಾಡಿದ್ದರಾಗ ಅರ್ಧ ಸರಿ. ಎಲ್ಲಿ ಬೇಕಾದ್ರೂ ಮಾರೂ ಸ್ವಾತಂತ್ರ್ಯ ಕೊಟ್ರು, ರೊಕ್ಕದ ಜವಾಬ್ದಾರಿನ ಪ್ರಾಂಗಣದಾಗನ ಬಿಟ್ಟು ಬಂದ್ರು. ವ್ಯಾಪಾರ ಹೊರಗ ಹೋದಾಗ ಠೇವಣಿ, ಜಾಮೀನು ಅದರ ಬೆನ್ನ ಹತ್ತಿ ಹೋಗಬೇಕಾಗಿತ್ತು. 2023ರಾಗ ಬಂದ ಸರ್ಕಾರ ಜವಾಬ್ದಾರಿ ತುಂಬೂ ಬದಲು ಆ ತಿದ್ದುಪಡಿನ ತಗದು ಹಾಕಾಕ ಹೊಂಟಿತು. ಪ್ರಾಂಗಣದೊಳಗ ಎಲ್ಲಾ ಸುಖ ಅಂತೇನಿಲ್ಲ. 2024ರ ಮಾರ್ಚಿನ್ಯಾಗ ಬ್ಯಾಡಗಿಯೊಳಗ ಮೆಣಸಿನಕಾಯಿ ದರ ಬಿದ್ದಾಗ ರೈತರು ಎಪಿಎಂಸಿ ಕಚೇರಿಗೇ ನುಗ್ಗಿ ಬೆಂಕಿ ಹಚ್ಚಿದ್ರು.

ಶಿಕ್ಷಕಿ: ಕಟ್ಟಳಿ ಇರ್ಬೇಕು, ಆದ್ರ ಅಳತಿಮೀರಬಾರದು. ಅಳತಿ ಯಾರು ಹೇಳಾವ್ರು?

ಹಿರಿಯರು: ಕಟ್ಟಳಿ ಹಾಕಿದ ಕಚೇರಿ ತಾನೂ ಕಟ್ಟಳಿಗೆ ಸಿಗಬೇಕು, ಅಷ್ಟ. 2012ರ ಏಪ್ರಿಲ್ 2ಕ್ಕ ಸಕಾಲ ಶುರುವಾತು. ಅರ್ಜಿಗೆ ದಿನ ಗೊತ್ತು ಮಾಡಿದ್ರು. ತಡ ಆದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500, ತಪ್ಪಿದ ಅಧಿಕಾರಿಯಿಂದ. ರೊಕ್ಕ ಸಣ್ಣದು. ವಿಚಾರ ಭಾಳ ದೊಡ್ಡದು, ಯಾಕಂದ್ರ ಅಲ್ಲಿತನಕ ತಡ ಮಾಡಿದ್ರ ದಂಡ ನಮಗ, ಕಚೇರಿಗೆ ಏನೂ ಇಲ್ಲ. ಆ 20 ರೂಪಾಯಿ ಇವತ್ತಿಗೂ 20 ಐತಿ. ಕೇಳಾವ್ರೂ ಕಡಿಮಿ, ಅದ ಕಚೇರಿಗೆ ನಾಳೆ ತಿರುಗಿ ಹೋಗಬೇಕಲ್ಲ ಅಂತ ಅರ್ಜಿದಾರ ಸುಮ್ಮಿರ್ತಾನ. ಅದನ್ನ ತನ್ನಷ್ಟಕ್ಕ ತಾನ ಅರ್ಜಿದಾರನ ಖಾತೆಗೆ ಹೋಗೂವಂಗ ಮಾಡಿದ್ರ ಯಾವ ಲೈಸೆನ್ಸ್ ಬೇಕು, ಯಾವದು ಬ್ಯಾಡ ಅಂತ ಇಲಾಖೆನ ನೋಡಿ, ಬ್ಯಾಡಾದದ್ದನ್ನ ತಗದು ಹಾಕ್ತೈತಿ.

ಶಿಕ್ಷಕಿ: ನಿಮ್ಮ ಪ್ರಕಾರ ಸರ್ಕಾರ ಚಲೋ ಖರ್ಚು ಮಾಡಿದ್ದು ಈ ಊರಾಗ ಏನಾದ್ರೂ ಐತೇನು?

ಹಿರಿಯರು: ನೀರು. ಹುಬ್ಬಳ್ಳಿಯಾಗ ವಾರಕ್ಕೊಮ್ಮೆ ನೀರು ಬರೂ ದಿನ ಹೆಣ್ಣಮಕ್ಕಳು ಕೂಲಿ ಬಿಟ್ಟು ಕೊಡ ಹಿಡ್ಕೊಂಡು ಕೂಡ್ತಿದ್ರು. 2008ರಾಗ ವಿಶ್ವಬ್ಯಾಂಕ್ ಸಾಲದಾಗ ಅವಳಿ ನಗರದ ಕೆಲವು ವಾರ್ಡಿಗೆ, ಹತ್ತರಾಗ ಒಂದು ಪಾಲು ಜನಕ್ಕ, ದಿನಪೂರ್ತಿ ನೀರು ಕೊಟ್ರು. ಬೆಳಗಾವಿ, ಕಲಬುರ್ಗಿಯಾಗೂ ಹಂಗ. ಫ್ರಾನ್ಸಿನ ವಿಯೋಲಿಯಾ ಕಂಪನಿಗೆ ನಿರ್ವಹಣಾ ಗುತ್ತಿಗಿ. ನೀರ ಮಾರ್ಯಾರ ಅಂತ ಚಳವಳಿ ಆತು.

ಶಿಕ್ಷಕಿ: ಆಗಬೇಕಿತ್ತು. ನೀರಿಗೆ ಮೀಟರ್ ಇಟ್ರ ಬಡವರ ಗತಿ?

ಹಿರಿಯರು: ಆ ಪ್ರಶ್ನೆಗೆ ಉತ್ತರ ಈ ಊರಾಗ ಹುಡಿಕ್ಯಾರ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಇಲ್ಲಿ ಬಂದು ದಿನಪೂರ್ತಿ ನೀರು ಬರೂ ಮನಿ, ಬರದ ಮನಿ ಎರಡನ್ನೂ ಅಳದ್ರು. ಪೈಪಿನಾಗ ಯಾವಾಗ್ಲೂ ಒತ್ತಡ ಇದ್ರ ಹೊರಗಿನ ಹೊಲಸು ಒಳಗ ಇಳಿಯೂದಿಲ್ಲ. ನೀರಿನಾಗ ಕಲ್ಮಶ ಭಾಳ ಕಡಿಮಿ ಇತ್ತು. ವಿಷಮಶೀತ ಜ್ವರ ಆದ ಮನಿ ಕಡಿಮಿ. ಬಡವರ ಮನ್ಯಾಗ ಮಕ್ಕಳ ರಕ್ತಭೇದಿ ಕಡಿಮಿ. ಸಾದಾ ಭೇದಿ ಮಾತ್ರ ಕಡಿಮಿ ಆದಂಗ ಕಾಣಲಿಲ್ಲ, ಅದನ್ನೂ ಮುಚ್ಚಿಡದ ಬರದ್ರು. ನನಗ ಮೆಚ್ಚುಗಿ ಆದದ್ದು ಗುತ್ತಿಗಿ ಕಾಗದ. ಒತ್ತಡ ಎಷ್ಟಿರಬೇಕು, ಸೋರಿಕಿ ಎಷ್ಟಕ್ಕ ಇಳೀಬೇಕು ಅಂತ ಬರದು, ಕಂಪನಿ ಶುಲ್ಕದ ಒಂದು ಪಾಲು ಅದಕ್ಕ ಕಟ್ಟಿದ್ರು. ಮೀಟರ್ ನಿಮ್ಮ ಮನಿಗೂ ಇತ್ತು, ಕೊಡಾಂವನ ಕೆಲಸಕ್ಕೂ ಇತ್ತು. ರೊಕ್ಕ ಖರ್ಚಾತು ಅಂತ ಯಾರೂ ಬೆನ್ನ ತಟ್ಕೊಳ್ಳಲಿಲ್ಲ; ನಳದಾಗ ನೀರು ಬಂತೋ ಇಲ್ಲೋ ಅನ್ನೂದ ಲೆಕ್ಕ.

ಶಿಕ್ಷಕಿ: ಅದನ್ನ ಇಡೀ ಊರಿಗೆ ಹರಡೂದು ಇನ್ನೂ ಮುಗಿದಿಲ್ಲ. ನನ್ನ ಸಾಲಿ ಇರೂ ಓಣಿಗೆ ಇವತ್ತಿಗೂ ನೀರು ಬರೂ ದಿನ ಕಾಯ್ತಾರ.

ಹಿರಿಯರು: ಅದ ನನ್ನ ಸಂಕಟ. ಸಣ್ಣದಾಗ ಅಳದು ನೋಡಿ ಗೆದ್ದದ್ದನ್ನ ದೊಡ್ಡದು ಮಾಡುವಾಗ ಅಳತಿ ಬಿಟ್ಟುಹೋಗ್ತೈತಿ. ಹುಬ್ಬಳ್ಳಿ-ಧಾರವಾಡದ ನಡುವಿನ ಬಿಆರ್‌ಟಿಎಸ್ ಬಸ್ ದಾರಿನೂ ಹಂಗ ಆತು. 22 ಕಿಲೋಮೀಟರ್ ದಾರಿ, ಚಿಗರಿ ಬಸ್ಸು, 2020ರ ಫೆಬ್ರುವರಿಗೆ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನಾ ಮಾಡಿದ್ರು. ಮಳಿ ಬಂದ್ರ ಟೋಲ್ ನಾಕಾದಾಗ ನೀರು ನಿಲ್ತೈತಿ. ಈಗ ಅದರ ಜಾಗಾದಾಗ ಬ್ಯಾರೆ ಸಾರಿಗೆ ತರೂ ಮಾತು ನಡದೈತಿ. ಹೊಸದರ ಚಿತ್ರ ತೋರಸ್ತಾರ, ಹಳೇದರಾಗ ಎಲ್ಲಿ ತಪ್ಪಿತು ಅನ್ನೂ ಕಾಗದ ಜನರ ಮುಂದ ಇಡೂದಿಲ್ಲ.

ಶಿಕ್ಷಕಿ: ನೀವು ಲೆಕ್ಕ ನೋಡ್ತಿದ್ದಾವ್ರು. ತಪ್ಪು ಎಲ್ಲಿ ಶುರುವಾಗ್ತೈತಿ, ಖರೇ ಹೇಳ್ರಿ.

ಹಿರಿಯರು: ಮಾರ್ಚ್ ತಿಂಗಳಾಗ. ವರ್ಷಪೂರ್ತಿ ಮಲಗಿದ್ದ ಅನುದಾನ ಕೊನೀ ವಾರಕ್ಕ ಬಿಡುಗಡೆ ಆಗ್ತೈತಿ. 31ರೊಳಗ ಖರ್ಚು ತೋರಿಸದಿದ್ರ ವಾಪಸ್. ಆಗ ಕೆಲಸ ಆಗದ ಬಿಲ್ಲು ಖಜಾನಿಗೆ ಹೋಗ್ತೈತಿ, ಇಲ್ಲಾ ರೊಕ್ಕ ತಗದು ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆದಾಗ ಇಡ್ತಾರ. ಪುಸ್ತಕದಾಗ ಖರ್ಚು, ನೆಲದ ಮ್ಯಾಲ ಏನಿಲ್ಲ. ಮುಂದ ಟೆಂಡರ್. 1999ರ ಪಾರದರ್ಶಕ ಕಾಯ್ದೆ ನಮ್ಮ ರಾಜ್ಯದ ಹೆಮ್ಮಿ. ಅದರಾಗ 4(ಜಿ) ಅಂತ ಒಂದು ಕಿಂಡಿ ಐತಿ, ಸರ್ಕಾರ ವಿನಾಯಿತಿ ಕೊಟ್ರ ಟೆಂಡರ್ ಬೇಕಿಲ್ಲ. ತುರ್ತಿಗೆ ಬಿಟ್ಟ ಕಿಂಡಿ. ಪ್ರವಾಹ ಬಂದಾಗ ಬಳಸ್ಲಿ. ಎಲ್ಲಾ ಸರ್ಕಾರದವರೂ ಬಿಸಲಾಗೂ ಬಳಸ್ಯಾರ. ಆಮ್ಯಾಲ ಎಂ.ಬಿ., ಅಂದ್ರ ಎಂಜಿನಿಯರ್ ಜಾಗಕ್ಕ ಹೋಗಿ ಅಳದು ಬರೀಬೇಕಾದ ಅಳತಿ ಪುಸ್ತಕ. ಎಷ್ಟೋ ಎಂ.ಬಿ. ನಾ ನೋಡೀನಿ, ಟೇಬಲ್ ಮ್ಯಾಲ ಕೂತು ಬರದದ್ದು ಅಕ್ಷರದಾಗನ ಗೊತ್ತಾಗ್ತೈತಿ. ತಿಂಗಳುಗಟ್ಟಲೆ ಅಳದದ್ದು ಒಂದ ಪೆನ್ನು, ಒಂದ ಕೈ, ಒಂದ ಸಲ ಕೂತು ಬರದದ್ದು.

ನಾವು ಆಕ್ಷೇಪಣೆ ಬರೀತೀವಿ. ಅದಕ್ಕ ಪ್ಯಾರಾ ಅಂತೀವಿ. ಕಚೇರಿಯವರು ಅನುಪಾಲನಾ ವರದಿ ಕೊಡಬೇಕು. ಕೊಡೂದಿಲ್ಲ. ಬರದಾಂವ ನಿವೃತ್ತ ಆಗ್ತಾನ, ತಪ್ಪು ಮಾಡಿದಾಂವ ಬಡ್ತಿ ತಗೊಂಡು ನಿವೃತ್ತ ಆಗ್ತಾನ, ಪ್ಯಾರಾ ಮಾತ್ರ ಬಾಕಿ ಪಟ್ಟಿಯೊಳಗ ಕೂತಿರ್ತೈತಿ. ಮ್ಯಾಲ ಮಹಾಲೇಖಪಾಲರ (ಸಿಎಜಿ) ವರದಿಗೂ ಅದ ಗತಿ. ಸಂವಿಧಾನದ 151ನೇ ವಿಧಿಯಂಗ ಅದು ವಿಧಾನಮಂಡಲದ ಮುಂದ ಬರ್ತೈತಿ. ಅಧಿವೇಶನದ ಕೊನೀ ದಿನ ಮಂಡಿಸಿದ್ರ ಓದಾಂವ ಯಾರು, ಚರ್ಚಾ ಮಾಡಾಂವ ಯಾರು? ಬೆಳಗಾವಿ ಸುವರ್ಣಸೌಧದ ಅಧಿವೇಶನದಾಗ ಒಂದು ದಿನ ಪೂರ್ತಿ ಉತ್ತರ ಕರ್ನಾಟಕದ ಪ್ಯಾರಾಗಳಿಗೆ ಇಡ್ರಿ. ಉತ್ತರ ಕರ್ನಾಟಕಕ್ಕ ಅನ್ಯಾಯ ಅನ್ನೂ ಭಾಷಣಕ್ಕಿಂತ ಅದು ಹೆಚ್ಚು ಕೆಲಸ ಮಾಡ್ತೈತಿ.

ಶಿಕ್ಷಕಿ: ಈಗ ನಾ ನಿಮ್ಮನ್ನ ಹಿಡೀತೀನಿ. ಧಾರವಾಡಕ್ಕ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಾಕ 2025ರ ಜನವರಿಯಾಗ ಸಂಪುಟ ಒಪ್ಪಿತು. 1962ರಾಗ ಕೂಡಿಸಿದ್ದನ್ನ ಒಡೀತಾರ. ಇಬ್ಬರು ಆಯುಕ್ತರು, ಇಬ್ಬರು ಮೇಯರು, ಎರಡು ಕಟ್ಟಡ, ಎರಡು ಪಗಾರ ಪಟ್ಟಿ. ಖರ್ಚು ಕಡಿಮಿ ಮಾಡ್ರಿ ಅನ್ನೂ ನೀವು ಅದಕ್ಕ ಹೂಂ ಅಂದೀರಿ ಅಂತ ಗೊತ್ತೈತಿ.

ಹಿರಿಯರು: ಹೂಂ ಅಂದೀನಿ. ಧಾರವಾಡದ ಗಟಾರದ ತಕರಾರಿಗೆ ಹುಬ್ಬಳ್ಳಿತನಕ ಹೋಗಬೇಕಂದ್ರ ಅರ್ಧ ಮಂದಿ ತಕರಾರು ಕೊಡೂದನ ಬಿಡ್ತಾರ. ಕುರ್ಚಿ ಖರ್ಚು ಎರಡಾದ್ರೂ ಕೇಳಾವ್ರು ಹತ್ರ ಇದ್ರ ಕೆಲಸದ ಖರ್ಚಿನಾಗ ಅದು ತಿರುಗಿ ಬರ್ತೈತಿ, ಇದು ನನ್ನ ನಂಬಿಕಿ.

ಶಿಕ್ಷಕಿ: ನಂಬಿಕಿಗೆ ಓಚರ್ ಐತೇನ್ರಿ?

ಹಿರಿಯರು: ಇಲ್ಲ. ಅದಕ್ಕ ಒಡಿಯೂದಕ್ಕಿಂತ ಮೊದಲ ನಾಕು ಕಾಗದ ಜನರ ಮುಂದ ಇಡ್ರಿ ಅಂತ ಅರ್ಜಿ ಬರದೀನಿ. ಆಸ್ತಿ ತೆರಿಗಿ ಯಾವ ಊರಿಂದ ಎಷ್ಟು ಬರ್ತೈತಿ. ನಿವೃತ್ತರ ಪಿಂಚಣಿ ಬಾಕಿ ಯಾರ ಪಾಲಿಗೆ. ನೀರಿನ ಯೋಜನಾದ ಸಾಲ ಯಾರು ತೀರಸ್ತಾರ. ನಡುವ ಇರೂ ನವನಗರ, ಅಮರಗೋಳ, ರಾಯಾಪುರ ಯಾವ ಕಡೆ. ಇದು ತಿಳೀದ ಒಡದ್ರ ಹೊಸ ಪಾಲಿಕೆ ಮೊದಲನೇ ಬಜೆಟ್ಟಿಗೇ ಬೆಂಗಳೂರ ಮುಂದ ಕೈ ಚಾಚಿ ನಿಲ್ತೈತಿ. ಹತ್ರ ಬಂದ ಸರ್ಕಾರ ತಿರುಗಿ ದೂರ ಹೋಗ್ತೈತಿ.

ಶಿಕ್ಷಕಿ: ಉತ್ತರ ಬಂತೇನು?

ಹಿರಿಯರು: ಬಂದಿಲ್ಲ. ಅರ್ಜಿಗೆ ನನ್ನದೊಂದ ಸಹಿ ಐತಿ, ಅದಕ್ಕ ಬಂದಿಲ್ಲ ಅನಸ್ತೈತಿ. ನಿಮ್ಮ ಸಾಲ್ಯಾಗ ಧಾರವಾಡದಿಂದ ಬರೂ ಟೀಚರ್ ಎಷ್ಟು ಮಂದಿ ಅದಾರ?

ಶಿಕ್ಷಕಿ: ಅದಾರ ಬಿಡ್ರಿ, ಸಹಿ ಮಾಡಸ್ತೀನಿ. ಐದನೇ ಪ್ರಶ್ನೆ ಒಂದು ನಂದೂ ಸೇರಿಸ್ರಿ: ಪಾಲಿಕೆ ಸಾಲಿಗಳು ಯಾರ ಪಾಲು, ಅವುಗಳ ದುರಸ್ತಿ ರೊಕ್ಕ ಈ ವರ್ಷ ಎಷ್ಟು, ಎಂ.ಬಿ. ಪ್ರತಿ ಜೋಡಿ.